ಕರಳೋ, ಕರುಳೋ?

2024ರ ನವರಾತ್ರಿಯ ಹೊತ್ತು. ಮಳೆ ಪೂರ್ತಿ ಬಿಟ್ಟಿರಲಿಲ್ಲ. ಸಂಜೆ ಚಾಯ ಕುಡಿದು ಚಾವಡಿಯಲ್ಲಿ ಕೂತು ಮಕ್ಕಳ ನೋಟ್ ಪುಸ್ತಕ ತಿದ್ದುತ್ತಿದ್ದೆ. ಗೇಟಿನ ಹತ್ತಿರ ಒಬ್ಬಳು ಹುಡುಗಿ ಕೊಡೆ ಮಡಚುತ್ತಾ ನಿಂತಿದ್ದಳು. "ಸರ್, ಗುರ್ತ ಸಿಕ್ಕಿತಾ?" ಅಂದಳು. ನಿಜ ಹೇಳಬೇಕೆಂದರೆ ಸಿಗಲಿಲ್ಲ. ಹೆಸರು ಹೇಳಿದ ಮೇಲೆ ಐದನೆಯ ತರಗತಿಯಲ್ಲಿ ಮೂರನೆಯ ಬೆಂಚಿನ ಕೊನೆಯಲ್ಲಿ ಕೂರುತ್ತಿದ್ದ, ಯಾವಾಗಲೂ ಸ್ಲೇಟಿನ ಮೂಲೆ ಕಚ್ಚುತ್ತಿದ್ದ ಹುಡುಗಿ ಕಣ್ಣ ಮುಂದೆ ಬಂದಳು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮ, ಆಮೇಲೆ ಮಂಗಳೂರು, ಈಗ ಬೆಂಗಳೂರಿನಲ್ಲಿ ಸಂಶೋಧನೆ. ರಜೆಗೆ ಊರಿಗೆ ಬಂದವಳು ನೋಡಿಕೊಂಡು ಹೋಗೋಣ ಅಂತ ಬಂದಿದ್ದಳು.

ಮಾತಾಡುತ್ತಾ ಅವಳ ಕಣ್ಣು ಗೋಡೆಯ ಮೇಲಿದ್ದ ನನ್ನ ಅಣ್ಣನ ಫೋಟೋ ಕಡೆ ಹೋಯಿತು. "ಅವರಿಗೆ ಎಂತ ಆಗಿತ್ತು ಸರ್?" ಅಂತ ಕೇಳಿದಳು.

"ಲಿವರ್" ಅಂದೆ. ಅಂದ ತಕ್ಷಣ, ಯಾರೂ ಕೇಳದಿದ್ದರೂ, ನನ್ನ ಬಾಯಿಂದ ಆ ಇನ್ನೊಂದು ವಾಕ್ಯವೂ ಬಂತು. "ಅವ ಕುಡಿಯುತ್ತಿರಲಿಲ್ಲ."

ಈ ವಾಕ್ಯವನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕ ಇಲ್ಲ. ಸಾವಿನ ಮನೆಗೆ ಬಂದವರಿಗೆ ಹೇಳಿದ್ದೇನೆ, ಸ್ಟಾಫ್ ರೂಮಿನಲ್ಲಿ ಹೇಳಿದ್ದೇನೆ, ಬಸ್ಸಿನಲ್ಲಿ ಪಕ್ಕ ಕೂತವರಿಗೂ ಹೇಳಿದ್ದೇನೆ. ನಮ್ಮ ಕಡೆ ಲಿವರ್ ಹೋಯಿತು ಅಂದರೆ ಸಾಕು, ಕೇಳುವವರ ಮುಖದಲ್ಲಿ ಒಂದು ಸಣ್ಣ ನಗು ಬರುತ್ತದೆ. ನೀವೂ ನೋಡಿರಬಹುದು.

ಹುಡುಗಿ ನಗಲಿಲ್ಲ. "ಕುಡಿಯಬೇಕೂಂತ ಇಲ್ಲ ಸರ್. ನಾನು ಕೆಲಸ ಮಾಡುವುದೇ ಅದರ ಮೇಲೆ. ಯಕೃತ್ತಿನ ಒಂದು ಚಿಕ್ಕ ಆರ್‌ಎನ್‌ಎ" ಅಂದಳು.

ಅವತ್ತು ಅವಳು ಹೇಳಿದ್ದನ್ನೂ, ಆಮೇಲೆ ನಾನು ಓದಿ ತಿಳಿದುಕೊಂಡದ್ದನ್ನೂ ಇಲ್ಲಿ ಬರೆಯುತ್ತಿದ್ದೇನೆ. ನಾನು ಟಿ.ಸಿ.ಹೆಚ್., ಬಿ.ಎ. ಮಾಡಿದವ, ವಿಜ್ಞಾನದವನಲ್ಲ. ಆದರೂ ಕೆಳಗಿನ ತರಗತಿಗಳಿಗೆ ವಿಜ್ಞಾನ ಹೇಳಿಕೊಟ್ಟಿದ್ದೇನೆ. ಪಾಠ ಮಾಡುವವರು ಕಡಿಮೆ ಇರುವ ಕಡೆ ಎಲ್ಲರೂ ಎಲ್ಲವನ್ನೂ ಮಾಡಬೇಕು, ಅದು ನಿಮಗೆಲ್ಲ ಗೊತ್ತಿದ್ದದ್ದೇ. ಹಾಗಾಗಿ ನನಗೆ ಅರ್ಥವಾದ ಹಾಗೆ ಬರೆಯುತ್ತೇನೆ.

ಮೊದಲು ಅಣ್ಣನ ಕಥೆ.

ಅಣ್ಣ ಹುಟ್ಟಿದ್ದು 1971ರಲ್ಲಿ, ನನಗಿಂತ ಆರು ವರ್ಷ ದೊಡ್ಡವ. ಏಳನೆಯವರೆಗೆ ಇಲ್ಲೇ ಕನ್ನಡ ಶಾಲೆ. ಹದಿನಾರಕ್ಕೆ ಮುಂಬೈಗೆ ಹೋದ. ಆ ಕಾಲದಲ್ಲಿ ನಮ್ಮ ಕಡೆಯ ಹುಡುಗರು ಹೋಗುತ್ತಿದ್ದ ದಾರಿ ಅದೇ ತಾನೆ? ಹೋಟೆಲ್ ಕೆಲಸ. ನನ್ನ ಟಿ.ಸಿ.ಹೆಚ್. ಫೀಸು ಅವನು ಕಳಿಸಿದ ಮನಿಯಾರ್ಡರಿನಿಂದಲೇ ಕಟ್ಟಿದ್ದು. ಬೆಳಗ್ಗೆ ಐದಕ್ಕೆ ಎದ್ದರೆ ರಾತ್ರಿ ಹನ್ನೆರಡು. ಊಟ ಮಾಡುವುದು ಗಿರಾಕಿಗಳೆಲ್ಲ ಹೋದ ಮೇಲೆ. ಉಳಿದ ಪೂರಿ, ಉಳಿದ ಶಿರಾ, ದಿನಕ್ಕೆ ಹತ್ತು ಹನ್ನೆರಡು ಸಲ ಸಕ್ಕರೆ ಹಾಕಿದ ಚಾಯ. 2015ರಲ್ಲಿ ಊರಿಗೆ ವಾಪಸು ಬರುವಾಗ ಹೊಟ್ಟೆ ಮುಂದೆ ಬಂದಿತ್ತು, ಸಕ್ಕರೆ ಕಾಯಿಲೆ ಇತ್ತು. ಸಿಗರೇಟು ಇಲ್ಲ, ಕುಡಿತ ಇಲ್ಲ.

2017ರಲ್ಲಿ ಅವನಿಗೆ ಸುಸ್ತು ಜಾಸ್ತಿಯಾಯಿತು. ಒಂದು ಆಸ್ಪತ್ರೆಗೆ ಒಬ್ಬನೇ ಹೋಗಿ ಬಂದ. ಅಲ್ಲಿ ರಕ್ತ ಪರೀಕ್ಷೆ ಮಾಡಿ ಮಲಯಾಳದಲ್ಲಿ "ಕರಳಿನ ತೊಂದರೆ ಉಂಟು, ದೊಡ್ಡ ಕಡೆ ತೋರಿಸಿ" ಅಂತ ಹೇಳಿದರಂತೆ. ಮಲಯಾಳದಲ್ಲಿ ಕರಳ್ ಅಂದರೆ ಯಕೃತ್ತು. ಕನ್ನಡದಲ್ಲಿ ಕರುಳು ಅಂದರೆ ಹೊಟ್ಟೆಯೊಳಗಿನ ಉದ್ದದ ಕೊಳವೆ. ತುಳು ಮಾತಾಡುವ ಕಿವಿಗೂ ಕರಳ್ ಅಂದರೆ ಅದೇ ಕರುಳು. ಅಣ್ಣ ಮುಂಬೈಯಲ್ಲಿ ಹಿಂದಿ, ಮರಾಠಿ ಕಲಿತಿದ್ದ. ಮಲಯಾಳ ಅಷ್ಟಕ್ಕಷ್ಟೆ. ಮನೆಗೆ ಬಂದವ "ಕರುಳಿನಲ್ಲಿ ಎಂತದೋ ತೊಂದರೆ ಅಂತೆ, ಗ್ಯಾಸ್ ಇರಬೇಕು" ಅಂದ. ನಾವೂ ಹಾಗೇ ತಿಳಿದೆವು. ಖಾರ ಕಡಿಮೆ ಮಾಡಿದ, ಮಜ್ಜಿಗೆ ಕುಡಿದ, ಗ್ಯಾಸಿನ ಮಾತ್ರೆ ತಿಂದ. ಯಾರೋ ಹೇಳಿದರು ಅಂತ ಆರು ತಿಂಗಳು ಒಂದು ಕಷಾಯವನ್ನೂ ಕುಡಿದ.

ರಿಪೋರ್ಟು ಬೀರುವಿನಲ್ಲೇ ಇತ್ತು. ಇಂಗ್ಲಿಷಿನಲ್ಲಿತ್ತು. ನಾನು ಅದನ್ನು ಒಂದು ಸಲ ಬಿಡಿಸಿ ನೋಡಿದ್ದೆ, ಮಡಚಿ ಇಟ್ಟಿದ್ದೆ. ಮೇಷ್ಟ್ರಾಗಿ ಇಪ್ಪತ್ತು ವರ್ಷ ಆಗುತ್ತಾ ಬಂದಿದ್ದ ನಾನು... ಇರಲಿ, ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

2018ರ ಕೊನೆಗೆ ಕಾಲು ಬಾತುಕೊಂಡಿತು, ಹೊಟ್ಟೆಯಲ್ಲಿ ನೀರು ತುಂಬಿತು. ಮಂಗಳೂರಿಗೆ ಕರೆದುಕೊಂಡು ಹೋದೆವು. ಸಿರೋಸಿಸ್ ಅಂದರು. ಯಕೃತ್ತು ಗಾಯದ ಕಲೆಗಳಿಂದ ಗಟ್ಟಿಯಾಗಿದೆ, ಕಾರಣ ಕೊಬ್ಬು ಮತ್ತು ಸಕ್ಕರೆ ಕಾಯಿಲೆ ಅಂದರು. ಅಲ್ಲಿಯೂ ಮೊದಲು ಕೇಳಿದ ಪ್ರಶ್ನೆ, ಎಷ್ಟು ವರ್ಷದಿಂದ ಕುಡಿತ?

ಯಕೃತ್ತು ನಮ್ಮ ದೇಹದೊಳಗಿನ ಅತಿ ದೊಡ್ಡ ಅಂಗ. ಬಲಗಡೆ ಪಕ್ಕೆಲುಬಿನ ಅಡಿಯಲ್ಲಿ ಇರುತ್ತದೆ, ತೂಕ ಸುಮಾರು ಒಂದೂವರೆ ಕಿಲೋ. ತಿಂದದ್ದನ್ನು ದಾಸ್ತಾನು ಮಾಡುವುದು, ವಿಷ ಕಳೆಯುವುದು, ಪಿತ್ತರಸ ತಯಾರಿಸುವುದು, ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನು ಮಾಡುವುದು, ಎಲ್ಲ ಅದೇ. ಅದರ ಹೊದಿಕೆಗೆ ಬಿಟ್ಟರೆ ಒಳಗೆ ನೋವು ತಿಳಿಸುವ ನರಗಳಿಲ್ಲ. ಹಾಗಾಗಿ ಅದು ಹಾಳಾಗುತ್ತಿದ್ದರೂ ಕೂಗುವುದಿಲ್ಲ. ನಮ್ಮ ಕಡೆಯ ಕೆಲವು ಹೆಂಗಸರ ಹಾಗೆ, ಪೂರ್ತಿ ಬೀಳುವವರೆಗೂ ಕೆಲಸ ಮಾಡುತ್ತಲೇ ಇರುತ್ತದೆ.

ಹುಡುಗಿಗೆ ಇದನ್ನೆಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರ್, ಈ ಸಲದ ನೊಬೆಲ್ ನೋಡಿದಿರಾ?" ಅಂತ ಕೇಳಿದಳು. ಆ ಅಕ್ಟೋಬರ್ 7ರಂದು ವಿಕ್ಟರ್ ಆಂಬ್ರೋಸ್, ಗ್ಯಾರಿ ರವ್ಕುನ್ ಎಂಬ ಇಬ್ಬರು ಅಮೆರಿಕದ ವಿಜ್ಞಾನಿಗಳಿಗೆ ವೈದ್ಯಶಾಸ್ತ್ರದ ಬಹುಮಾನ ಬಂದಿತ್ತು. ಪೇಪರಿನಲ್ಲಿ "ಮೈಕ್ರೋ ಆರ್‌ಎನ್‌ಎ" ಅಂತ ಓದಿದ್ದೆ, ಮುಂದಿನ ಸುದ್ದಿಗೆ ಹೋಗಿದ್ದೆ.

"ನೀವು ನಮಗೆ ಆರ್‌ಎನ್‌ಎ ಬಗ್ಗೆ ಎಂತ ಹೇಳಿದ್ದಿರಿ ನೆನಪಿದೆಯಾ?" ಅಂದಳು. ಅವಳು ಹತ್ತನೆಯಲ್ಲಿರುವಾಗ ರಜೆಯಲ್ಲಿ ನಮ್ಮ ಮನೆಗೆ ಬಂದು ಸಂಶಯ ಕೇಳಿದ್ದಳಂತೆ. ನಾನು ಪುಸ್ತಕ ನೋಡಿ, "ಡಿಎನ್‌ಎಯಿಂದ ಆರ್‌ಎನ್‌ಎ, ಆರ್‌ಎನ್‌ಎಯಿಂದ ಪ್ರೋಟೀನು. ಉಳಿದದ್ದೆಲ್ಲ ಕಸ" ಅಂದಿದ್ದೆನಂತೆ!

ಆ ಕಸ ಎಂಬ ಮಾತು ನನ್ನದಲ್ಲ ಮಾರಾಯ್ರೆ. 1972ರಲ್ಲಿ ಸುಸುಮು ಓಹ್ನೋ ಎಂಬ ವಿಜ್ಞಾನಿಯೇ ಡಿಎನ್‌ಎಯ ಒಂದು ಪಾಲನ್ನು ಕಸ ಅಂತ ಕರೆದಿದ್ದ. ಮನುಷ್ಯನ ಡಿಎನ್‌ಎಯಲ್ಲಿ ಸುಮಾರು 300 ಕೋಟಿ ಅಕ್ಷರಗಳಿವೆ. ಪ್ರೋಟೀನು ಮಾಡುವ ವಂಶವಾಹಿಗಳು ಸುಮಾರು 20,000. ಅವುಗಳಲ್ಲಿ ಪ್ರೋಟೀನಿಗೆ ಬೇಕಾದ ಬರಹ ಒಟ್ಟು ಡಿಎನ್‌ಎಯ ನೂರರಲ್ಲಿ ಎರಡು ಪಾಲೂ ಇಲ್ಲ. ಹಾಗಾದರೆ ಉಳಿದ ತೊಂಬತ್ತೆಂಟು? ಅದರಲ್ಲಿಯೂ ತುಂಬ ಭಾಗ ಆರ್‌ಎನ್‌ಎಯಾಗಿ ನಕಲಾಗುತ್ತದೆ, ಪ್ರೋಟೀನು ಮಾತ್ರ ಆಗುವುದಿಲ್ಲ. ಇಂಥದಕ್ಕೆ ಸಂಕೇತಿಸದ ಆರ್‌ಎನ್‌ಎ ಅನ್ನುತ್ತಾರೆ. ಎಲ್ಲವೂ ಉಪಯೋಗದ್ದು ಅಂತ ಅಲ್ಲ, ಎಷ್ಟು ಉಪಯೋಗದ್ದು ಎಂಬ ಚರ್ಚೆ ಇನ್ನೂ ನಡೆಯುತ್ತಿದೆ. ಆದರೆ ಕೆಲವಂತೂ ದೊಡ್ಡ ಕೆಲಸ ಮಾಡುತ್ತವೆ.

"ಸರ್, ನಮ್ಮ ಶಾಲೆಯ ಮಧ್ಯಾಹ್ನದೂಟದ ಹಾಗೆ ಯೋಚನೆ ಮಾಡಿ" ಅಂತ ಅವಳೇ ಶುರು ಮಾಡಿದಳು. ಅಡುಗೆ ಹೇಗೆ ಮಾಡಬೇಕು ಎಂಬ ಮೂಲ ಪುಸ್ತಕ ಹೆಡ್‌ಮಾಸ್ಟರರ ಕಪಾಟಿನಲ್ಲಿದೆ. ಅದು ಆಫೀಸು ಬಿಟ್ಟು ಹೊರಗೆ ಬರುವುದಿಲ್ಲ. ಅದು ಡಿಎನ್‌ಎ. ಇವತ್ತು ಅನ್ನ, ಹೆಸರುಕಾಳಿನ ಪಲ್ಯ ಅಂತ ಒಂದು ಚೀಟಿಗೆ ನಕಲು ಮಾಡಿ ಅಡುಗೆಯ ಅಕ್ಕನಿಗೆ ಕಳಿಸುತ್ತಾರೆ. ಆ ಚೀಟಿ ಸಂದೇಶ ಒಯ್ಯುವ ಆರ್‌ಎನ್‌ಎ. ಬೇಯುವ ಅನ್ನವೇ ಪ್ರೋಟೀನು. ಪಾತ್ರೆ, ಒಲೆ, ಸಾಮಾನು ಹೊತ್ತು ತರುವ ಹುಡುಗರು ಕೂಡ ಬೇಕಲ್ಲ? ಒಲೆಯಂಥದ್ದು ರೈಬೋಸೋಮಿನ ಆರ್‌ಎನ್‌ಎ, ಸಾಮಾನು ತರುವುದು ವರ್ಗಾವಣೆ ಆರ್‌ಎನ್‌ಎ. ಇವೆರಡೂ ಸ್ವತಃ ಅನ್ನ ಆಗುವುದಿಲ್ಲ. ಅಂದರೆ ನಮ್ಮ ಪಾಠಪುಸ್ತಕದಲ್ಲೇ ಸಂಕೇತಿಸದ ಆರ್‌ಎನ್‌ಎ ಎರಡು ಇದ್ದವು, ನಾನೇ ಕಾಣಲಿಲ್ಲ.

"ಇನ್ನು ಹತ್ತೂವರೆಗೆ ಒಬ್ಬರು ಬಂದು, ಇವತ್ತು ಮೂವತ್ತು ಮಕ್ಕಳು ಬಂದಿಲ್ಲ, ಅಕ್ಕಿ ಕಡಿಮೆ ಹಾಕಿ ಅಂತ ಹೇಳಿ ಹೋಗುತ್ತಾರಲ್ಲ ಸರ್, ಅವರು ಮೈಕ್ರೋ ಆರ್‌ಎನ್‌ಎ."

ಆಹಾ, ಈಗ ಅರ್ಥ ಆಯಿತು ನೋಡಿ. ಹಾಜರಿ ಲೆಕ್ಕ ಹೇಳುವವರು ಅಡುಗೆ ಮಾಡುವುದಿಲ್ಲ, ಬಡಿಸುವುದೂ ಇಲ್ಲ. ಆದರೆ ಒಂದು ವಾರ ಅವರು ಬಾರದೇ ಇರಲಿ, ಅನ್ನ ಎಷ್ಟು ಹಾಳಾಗುತ್ತದೆ ಅಂತ ಅಕ್ಕಿಯ ಲೆಕ್ಕ ಬರೆಯುವ ಮೇಷ್ಟ್ರನ್ನು ಕೇಳಬೇಕು.

ಮೈಕ್ರೋ ಆರ್‌ಎನ್‌ಎ ಅಂದರೆ ಸುಮಾರು 22 ಅಕ್ಷರಗಳ ಒಂದು ತುಂಡು. ಅದು ಸಂದೇಶದ ಚೀಟಿಗೆ ಹೋಗಿ ಅಂಟಿಕೊಳ್ಳುತ್ತದೆ. ಅಂಟಿಕೊಂಡರೆ ಆ ಚೀಟಿಯಿಂದ ಪ್ರೋಟೀನು ಆಗುವುದು ಕಡಿಮೆಯಾಗುತ್ತದೆ, ಕೆಲವೊಮ್ಮೆ ಚೀಟಿಯೇ ಹರಿದುಹೋಗುತ್ತದೆ. ಯಾವ ಚೀಟಿಗೆ ಅಂಟಬೇಕು ಎಂಬುದನ್ನು ತೀರ್ಮಾನ ಮಾಡುವುದು ಮುಖ್ಯವಾಗಿ ಅದರ ಆರಂಭದ ಏಳೆಂಟು ಅಕ್ಷರ. ಅಲ್ಲಿ ಒಂದು ಅಕ್ಷರ ಬದಲಾದರೂ ಬೇರೆ ಚೀಟಿಗೆ ಹೋಗಿ ಅಂಟೀತು. ಅವಳು ಇದನ್ನು ಹೇಳುವಾಗ ನನಗೆ ಕರಳ್, ಕರುಳು ನೆನಪಾಯಿತು. ನಮ್ಮ ಮನೆಯಲ್ಲಿ ಒಂದು ಕೊಂಬು ಹೆಚ್ಚುಕಡಿಮೆಯಾಗಿ ಒಂದೂವರೆ ವರ್ಷ ಹೋಗಿತ್ತು.

ಇದನ್ನು ಕಂಡುಹಿಡಿದ ಕಥೆಯೂ ಚೆನ್ನಾಗಿದೆ. ಆಂಬ್ರೋಸ್, ರವ್ಕುನ್ ಇಬ್ಬರೂ ನೋಡಿದ್ದು ಒಂದು ಮಿಲಿಮೀಟರ್ ಉದ್ದದ ಹುಳವನ್ನು. ಅದರಲ್ಲಿ ಲಿನ್-4 ಎಂಬ ವಂಶವಾಹಿ ಪ್ರೋಟೀನು ಮಾಡುವುದೇ ಇಲ್ಲ, ಒಂದು ಗಿಡ್ಡ ಆರ್‌ಎನ್‌ಎ ಮಾಡುತ್ತದೆ, ಆ ಗಿಡ್ಡ ಆರ್‌ಎನ್‌ಎ ಇನ್ನೊಂದು ವಂಶವಾಹಿಯನ್ನು ಹದ್ದುಬಸ್ತಿನಲ್ಲಿ ಇಡುತ್ತದೆ ಅಂತ 1993ರಲ್ಲಿ ಪ್ರಕಟಿಸಿದರು. ಯಾರೂ ಹೆಚ್ಚು ಗಮನ ಕೊಡಲಿಲ್ಲ, ಹುಳದ ವಿಚಿತ್ರ ಅಂತ ಬಿಟ್ಟರು. 2000ದಲ್ಲಿ ರವ್ಕುನ್ ಅವರ ತಂಡಕ್ಕೆ ಲೆಟ್-7 ಎಂಬ ಇನ್ನೊಂದು ಸಿಕ್ಕಿತು. ಅದು ಹುಳದಲ್ಲಿ ಮಾತ್ರವಲ್ಲ, ಮೀನಿನಲ್ಲಿ, ಮನುಷ್ಯನಲ್ಲಿ ಕೂಡ ಇತ್ತು. ಆಮೇಲೆ ಎಲ್ಲರೂ ಹುಡುಕಲು ಶುರು ಮಾಡಿದರು.

ಹಾಗೆ ಹುಡುಕುವಾಗ 2002ರಲ್ಲಿ ಇಲಿಯ ಯಕೃತ್ತಿನಲ್ಲಿ ಸಿಕ್ಕಿದ್ದು ಮಿರ್-122. ಇದೇ ನಮ್ಮ ಹುಡುಗಿ ಹೇಳಿದ ಚಿಕ್ಕ ಆರ್‌ಎನ್‌ಎ. ಯಕೃತ್ತಿನಲ್ಲಿರುವ ಒಟ್ಟು ಮೈಕ್ರೋ ಆರ್‌ಎನ್‌ಎಯಲ್ಲಿ ಸುಮಾರು ನೂರಕ್ಕೆ ಎಪ್ಪತ್ತು ಪಾಲು ಇದೊಂದೇ! ಬೇರೆ ಅಂಗಗಳಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಅದು ಅಲ್ಲಿ ಎಂತ ಮಾಡುತ್ತದೆ? 2012ರಲ್ಲಿ ಎರಡು ತಂಡದವರು ಮಿರ್-122 ಇಲ್ಲದ ಇಲಿಗಳನ್ನು ಬೆಳೆಸಿ ನೋಡಿದರು. ಇಲಿಗಳ ಯಕೃತ್ತಿನಲ್ಲಿ ಕೊಬ್ಬು ತುಂಬಿತು, ಉರಿಯೂತ ಬಂತು, ಗಾಯದ ಕಲೆ ಬೆಳೆಯಿತು, ಕೊನೆಗೆ ತುಂಬ ಇಲಿಗಳಿಗೆ ಕ್ಯಾನ್ಸರ್ ಬಂತು. ಒಂದು ತೊಟ್ಟು ಮದ್ಯ ಕುಡಿಸದೆ!

ಇದನ್ನು ಕೇಳಿ ನಾನು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಇಲಿಗೆ ಯಾರೂ "ಎಷ್ಟು ವರ್ಷದಿಂದ ಕುಡಿತ" ಅಂತ ಕೇಳಲಿಲ್ಲವಲ್ಲ ಅಂತ ಮನಸ್ಸಿಗೆ ಬಂತು.

ಮನುಷ್ಯರಲ್ಲಿ ವಿಷಯ ಅಷ್ಟು ಸರಳ ಇಲ್ಲ ಅಂತ ಅವಳು ಎರಡೆರಡು ಸಲ ಹೇಳಿದಳು. ಮಿರ್-122 ಕಡಿಮೆಯಾದದ್ದರಿಂದಲೇ ಅಣ್ಣನಿಗೆ ಹೀಗಾಯಿತು ಅಂತ ಹೇಳಲಿಕ್ಕೆ ಬರುವುದಿಲ್ಲ. ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು, ಹುಟ್ಟಿನಿಂದ ಬಂದ ಗುಣ ಎಲ್ಲ ಸೇರುತ್ತದೆ. ಆದರೆ ಕೊಬ್ಬು ತುಂಬಿ ಉರಿಯೂತ ಬಂದ ಯಕೃತ್ತಿನ ಒಳಗೆ ಇದು ಕಡಿಮೆಯಾಗಿರುತ್ತದೆ, ರಕ್ತದಲ್ಲಿ ಮಾತ್ರ ಹೆಚ್ಚು ಕಾಣುತ್ತದೆ ಎಂಬುದನ್ನು ನೋಡಿದ್ದಾರೆ. ಗಾಯವಾದ ಕೋಶದಿಂದ ಇದು ಸೋರಿ ಹೊರಗೆ ಬರುತ್ತದೆ. ಪಾತ್ರೆ ತೂತಾದರೆ ಒಳಗಿನದ್ದು ಹೊರಗೆ ಬರುವ ಹಾಗೆ.

ಗಾಯದ ಕಲೆಗೂ ಇಂಥದೇ ಒಂದು ಕಥೆ ಉಂಟು. ಯಕೃತ್ತಿನಲ್ಲಿ ನಕ್ಷತ್ರದ ಆಕಾರದ ಕೆಲವು ಕೋಶಗಳಿವೆ, ಸಾಧಾರಣ ಕಾಲದಲ್ಲಿ ಎ ಜೀವಸತ್ವವನ್ನು ತುಂಬಿಸಿಕೊಂಡು ಸುಮ್ಮನಿರುತ್ತವೆ. ಯಕೃತ್ತಿಗೆ ಪದೇ ಪದೇ ಪೆಟ್ಟಾದರೆ ಎದ್ದು ಕೊಲಾಜೆನ್ ಎಂಬ ನಾರು ಹೆಣೆಯಲು ತೊಡಗುತ್ತವೆ. ಆ ನಾರೇ ಸಿರೋಸಿಸ್ಸಿನ ಗಟ್ಟಿ ಕಲೆ. ಮಿರ್-29 ಎಂಬ ಮೈಕ್ರೋ ಆರ್‌ಎನ್‌ಎ ಕೊಲಾಜೆನಿನ ಚೀಟಿಗಳನ್ನು ತಡೆದು ಹಿಡಿಯುತ್ತದೆ. ಕಲೆ ಬೆಳೆಯುತ್ತಿರುವ ಯಕೃತ್ತಿನಲ್ಲಿ ಇದು ಕಡಿಮೆಯಾಗಿರುತ್ತದೆ ಅಂತ 2011ರಲ್ಲಿ ತೋರಿಸಿದ್ದಾರೆ. ತಡೆಯುವವರು ಇಲ್ಲದಿದ್ದರೆ ನಾರು ಬೆಳೆಯುತ್ತಲೇ ಹೋಗುತ್ತದೆ.

ಹೆಪಟೈಟಿಸ್ ಸಿ ವೈರಸ್ಸಿನ ವಿಷಯ ಕೇಳಿದರೆ ಇನ್ನೂ ಆಶ್ಚರ್ಯ. ರಕ್ತದ ಮೂಲಕ ಬರುವ ಈ ವೈರಸ್ ಯಕೃತ್ತನ್ನೇ ಹಿಡಿಯುತ್ತದೆ. ಯಾಕೆ ಅಲ್ಲೇ? 2005ರಲ್ಲಿ ಅಮೆರಿಕದ ಪೀಟರ್ ಸಾರ್ನೋ ಅವರ ತಂಡ ಒಂದು ಕಾರಣ ಕಂಡಿತು. ವೈರಸ್ಸಿನ ಆರ್‌ಎನ್‌ಎ ತನ್ನ ತಲೆಯ ಭಾಗಕ್ಕೆ ನಮ್ಮ ಮಿರ್-122ನ್ನೇ ಅಂಟಿಸಿಕೊಳ್ಳುತ್ತದೆ. ಬೇರೆ ಚೀಟಿಗೆ ಅಂಟಿದರೆ ಚೀಟಿ ಹಾಳಾಗಬೇಕು, ವೈರಸ್ಸಿಗೆ ಅಂಟಿದರೆ ಅದಕ್ಕೆ ರಕ್ಷಣೆ! ಮನೆಯ ಕೊಡೆಯನ್ನೇ ಕಳ್ಳ ಸೂಡಿಕೊಂಡು ಹೋದ ಹಾಗೆ. ಹಾಗಾದರೆ ಆ ಕೊಡೆಯನ್ನು ಬಚ್ಚಿಟ್ಟರೆ? ಮಿರಾವಿರ್ಸೆನ್ ಎಂಬ ಮದ್ದಿನಿಂದ ಮಿರ್-122ನ್ನು ಕಟ್ಟಿಹಾಕಿ 36 ರೋಗಿಗಳ ಮೇಲೆ ಪರೀಕ್ಷೆ ಮಾಡಿದರು. ವಾರಕ್ಕೆ ಒಂದರಂತೆ ಐದು ಇಂಜೆಕ್ಷನ್. ವೈರಸ್ ಇಳಿಯಿತು ಅಂತ 2013ರಲ್ಲಿ ಪ್ರಕಟವಾಯಿತು. ಆದರೆ ಅದೇ ವರ್ಷದ ಕೊನೆಗೆ ಸೊಫೊಸ್ಬುವಿರ್ ಮಾತ್ರೆ ಬಂತು. ಈಗ ಇಂಥ ಮಾತ್ರೆಗಳಿಂದ ಸುಮಾರು ಮೂರು ತಿಂಗಳಲ್ಲಿ ಹೆಚ್ಚಿನವರ ಹೆಪಟೈಟಿಸ್ ಸಿ ವಾಸಿಯೇ ಆಗುತ್ತದೆ. 2018ರ ಜುಲೈ 28ರಂದು ಶುರುವಾದ ರಾಷ್ಟ್ರೀಯ ಕಾರ್ಯಕ್ರಮದಲ್ಲಿ ಇದರ ಪರೀಕ್ಷೆ, ಮದ್ದು ಉಚಿತ. ಇದು ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?

ಇದೆಲ್ಲ ಅಮೆರಿಕದಲ್ಲಿ ಮಾತ್ರ ನಡೆಯುವುದು ಅಂತ ತಿಳಿಯಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸೌಮಿತ್ರ ದಾಸ್ ಮತ್ತು ಅವರ ಸಂಗಡಿಗರು ಹೆಪಟೈಟಿಸ್ ಸಿ ರೋಗಿಗಳ ರಕ್ತದಲ್ಲಿ ತೇಲುವ ಮೈಕ್ರೋ ಆರ್‌ಎನ್‌ಎಗಳನ್ನು ಲೆಕ್ಕ ಹಾಕಿ 2013ರಲ್ಲಿ ಪ್ರಕಟಿಸಿದ್ದಾರೆ. ಮಿರ್-320ಸಿ, ಮಿರ್-483-5ಪಿ ಮುಂತಾದ ಕೆಲವು ಹೆಚ್ಚಾಗಿದ್ದವು. ಒಂದು ಚಮಚ ರಕ್ತದಿಂದ ಯಕೃತ್ತಿನ ಒಳಗಿನ ಸುದ್ದಿ ತಿಳಿಯಬಹುದೇ ಎಂಬ ಹುಡುಕಾಟ ಇದು. ನಮ್ಮ ಊರಿನಿಂದ ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ಇಳಿಯುವ ಊರಿನಲ್ಲಿ ನಡೆದ ಕೆಲಸ!

ಮೈಕ್ರೋ ಅಲ್ಲದೆ ಉದ್ದದವೂ ಇವೆ, 200 ಅಕ್ಷರಕ್ಕಿಂತ ಹೆಚ್ಚಿನವು. ಯಕೃತ್ತಿನ ಕ್ಯಾನ್ಸರಿನಲ್ಲಿ ತುಂಬ ಹೆಚ್ಚಾಗುವ ಒಂದನ್ನು 2007ರಲ್ಲಿ ಗುರುತಿಸಿ ಹಲ್ಕ್ ಅಂತ ಹೆಸರಿಟ್ಟಿದ್ದಾರೆ. ಅದರ ಬಗ್ಗೆ ಅವಳು ಹೇಳಿದ್ದು ನನ್ನ ತಲೆಗೆ ಪೂರ್ತಿ ಹೋಗಲಿಲ್ಲ, ಹಾಗಾಗಿ ಬರೆಯುವುದಿಲ್ಲ.

ಕೊನೆಗೆ ನಾನು ಕೇಳಬೇಕೆಂದಿದ್ದ ಪ್ರಶ್ನೆ ಕೇಳಿದೆ. "ಆವಾಗ ಈ 122ರ ಪರೀಕ್ಷೆ ಮಾಡಿಸಿದ್ದರೆ ಅಣ್ಣ ಉಳಿಯುತ್ತಿದ್ದನಾ?"

ಅವಳು ಸುಳ್ಳು ಹೇಳಲಿಲ್ಲ. "ಇಲ್ಲ ಸರ್. ಈಗಲೂ ಅದು ಪ್ರಯೋಗಾಲಯದಲ್ಲೇ ಇದೆ. ಊರಿನ ಆಸ್ಪತ್ರೆಯಲ್ಲಿ ಆ ಪರೀಕ್ಷೆ ಇಲ್ಲ, ಅದರಿಂದ ಮಾಡಿದ ಮದ್ದೂ ಇಲ್ಲ" ಅಂದಳು. ಗಿಡ್ಡ ಆರ್‌ಎನ್‌ಎಯನ್ನೇ ಮದ್ದು ಮಾಡಿ ಯಕೃತ್ತಿಗೆ ಕಳಿಸುವ ವಿದ್ಯೆ ಬಂದಿದೆಯಂತೆ. 2018ರಿಂದ ಅಂಥ ಕೆಲವು ಮದ್ದುಗಳಿಗೆ ಅನುಮತಿ ಸಿಕ್ಕಿದೆ, ಕೊಲೆಸ್ಟರಾಲಿಗೆ ಆರು ತಿಂಗಳಿಗೊಮ್ಮೆ ಕೊಡುವ ಇನ್‌ಕ್ಲಿಸಿರಾನ್ ಅದೇ ಜಾತಿಯದ್ದು. ಆದರೆ ಗಟ್ಟಿಯಾದ ಯಕೃತ್ತನ್ನು ಮೆತ್ತಗೆ ಮಾಡುವ ಆರ್‌ಎನ್‌ಎ ಮದ್ದು ಇನ್ನೂ ಬಂದಿಲ್ಲ.

ಮತ್ತೆ ಅವಳು, "ಸರ್, ಆ 2017ರ ರಿಪೋರ್ಟು ಇದೆಯಾ?" ಅಂದಳು.

ಇತ್ತು. ಅದೇ ಬೀರು, ಅದೇ ಮಡಿಕೆ. ಅವಳು ನಾಲ್ಕು ಸಂಖ್ಯೆಗೆ ಪೆನ್ಸಿಲಿನಿಂದ ಗೀಟು ಹಾಕಿದಳು. ಪ್ರಾಯ 46. ಎಸ್‌ಜಿಒಟಿ 88. ಎಸ್‌ಜಿಪಿಟಿ 64. ಪ್ಲೇಟ್‌ಲೆಟ್ 98 ಸಾವಿರ. "ಪ್ರಾಯವನ್ನು ಎಸ್‌ಜಿಒಟಿಯಿಂದ ಗುಣಿಸಿ. ಪ್ಲೇಟ್‌ಲೆಟ್ ಎಷ್ಟು ಸಾವಿರವೋ ಅದನ್ನು ಎಸ್‌ಜಿಪಿಟಿಯ ವರ್ಗಮೂಲದಿಂದ ಗುಣಿಸಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ" ಅಂದಳು.

46 ಗುಣಿಸು 88, 4048. 64ರ ವರ್ಗಮೂಲ 8. 98 ಗುಣಿಸು 8, 784. ಭಾಗಿಸಿದರೆ 5.16.

"1.3ಕ್ಕಿಂತ ಕಡಿಮೆ ಬಂದರೆ ಗಟ್ಟಿ ಕಲೆ ಇರುವ ಸಂಭವ ಕಡಿಮೆ. 2.67ಕ್ಕಿಂತ ಹೆಚ್ಚು ಬಂದರೆ ತಡಮಾಡದೆ ಯಕೃತ್ತಿನ ವೈದ್ಯರಿಗೆ ತೋರಿಸಬೇಕು" ಅಂದಳು. ಫಿಬ್-4 ಅಂತ ಇದರ ಹೆಸರು, 2006ರಿಂದ ಇದೆ.

ನಾನು ಆ 5.16ನ್ನು ನೋಡುತ್ತಾ ಕೂತೆ. ಆರ್‌ಎನ್‌ಎ ಬೇಡ, ನೊಬೆಲ್ ಬೇಡ. ಶಾಲೆಯಲ್ಲಿ ಕಲಿಸುವ ವರ್ಗಮೂಲ ಸಾಕಿತ್ತು. ಉತ್ತರ ಏಳು ವರ್ಷ ನನ್ನ ಬೀರುವಿನಲ್ಲೇ ಇತ್ತು.

ಅಣ್ಣ ಹೋದದ್ದು 2021ರ ಜುಲೈಯಲ್ಲಿ, ಐವತ್ತನೆಯ ವರ್ಷಕ್ಕೆ. ಅದಕ್ಕಿಂತ ಮೊದಲು 2020ರ ಏಪ್ರಿಲಿನಲ್ಲಿ ಮಂಗಳೂರಿನಲ್ಲಿ ಅನ್ನನಾಳದ ಉಬ್ಬಿದ ರಕ್ತನಾಳಗಳಿಗೆ ಬ್ಯಾಂಡ್ ಹಾಕಿಸುವ ದಿನ ನಿಗದಿಯಾಗಿತ್ತು. ಮಾರ್ಚಿಯಲ್ಲಿ ಕೊರೋನಾ ಬಂತು, ತಲಪಾಡಿಯಲ್ಲಿ ಗಡಿ ಮುಚ್ಚಿತು. ವಿಷಯ ಹೈಕೋರ್ಟಿಗೆ ಹೋಯಿತು, ಸುಪ್ರೀಂ ಕೋರ್ಟಿಗೆ ಹೋಯಿತು, ಏಪ್ರಿಲಿನಲ್ಲಿ ತುರ್ತು ರೋಗಿಗಳಿಗೆ ದಾರಿ ಆಯಿತು. ಅಣ್ಣನದು ತುರ್ತು ಅಂತ ಯಾರಿಗೂ ಅನ್ನಿಸಲಿಲ್ಲ, ನಮಗೂ ಅನ್ನಿಸಲಿಲ್ಲ. ಮುಕ್ಕಾಲು ಗಂಟೆಯ ದಾರಿ. ಆ ದಿನಗಳಲ್ಲಿ ಅವ ಅಂಗಳದಲ್ಲಿ ನಿಂತು ಉತ್ತರದ ಕಡೆ ನೋಡುತ್ತಿದ್ದ. ತಿರುವನಂತಪುರಕ್ಕೆ ಐನೂರಕ್ಕೂ ಹೆಚ್ಚು ಕಿಲೋಮೀಟರು, ಮಂಗಳೂರಿಗೆ ಮೂವತ್ತರ ಹತ್ತಿರ. ಗಡಿಯಲ್ಲಿ ಬದುಕುವುದು ಅಂದರೆ ಏನೂಂತ ಬೇರೆಯವರಿಗೆ ಹೇಗೆ ಹೇಳುವುದು? ಕೊನೆಗೆ ಹೋದಾಗ ಬ್ಯಾಂಡ್ ಹಾಕಿದರು, ಒಂದು ವರ್ಷ ನಡೆಯಿತು. ಆಮೇಲೆ ಆಗಲಿಲ್ಲ.

ಯಾರನ್ನೂ ದೂರಲಿಕ್ಕೆ ಇದನ್ನು ಬರೆಯುತ್ತಿಲ್ಲ. ದೂರುವುದಾದರೆ ಮೊದಲು ಆ ರಿಪೋರ್ಟು ಮಡಚಿ ಇಟ್ಟವನನ್ನು ದೂರಬೇಕು.

ಹುಡುಗಿ ಬೆಂಗಳೂರಿಗೆ ಹೋದ ಮೇಲೆ ನಾನೂ ಪರೀಕ್ಷೆ ಮಾಡಿಸಿದೆ. ಸ್ಕ್ಯಾನಿನಲ್ಲಿ ಗ್ರೇಡ್ ಒಂದು ಕೊಬ್ಬು. ಪ್ರಾಯ 48, ಎಸ್‌ಜಿಒಟಿ 30, ಎಸ್‌ಜಿಪಿಟಿ 49, ಪ್ಲೇಟ್‌ಲೆಟ್ 210 ಸಾವಿರ. ನೀವೇ ಲೆಕ್ಕ ಮಾಡಿ ನೋಡಿ, 0.98 ಬರುತ್ತದೆ. ಸದ್ಯಕ್ಕೆ ಬದುಕಿದೆ. ತೂಕದಲ್ಲಿ ನೂರಕ್ಕೆ ಏಳರಿಂದ ಹತ್ತು ಪಾಲು ಇಳಿಸಿದರೆ ಉರಿಯೂತವೂ ಇಳಿಯುವ ಸಂಭವ ಹೆಚ್ಚು ಅಂತ ವೈದ್ಯರು ಹೇಳಿದರು. ಚಾಯಕ್ಕೆ ಸಕ್ಕರೆ ಬಿಟ್ಟೆ. ಶಾಲೆಗೆ ನಡೆದೇ ಹೋಗುತ್ತೇನೆ. ಈವರೆಗೆ ನಾಲ್ಕು ಕಿಲೋ ಇಳಿದಿದೆ. ಈ ಲೆಕ್ಕ ಒಂದು ಸೂಚನೆ ಮಾತ್ರ, ವೈದ್ಯರ ಬದಲಿಗೆ ಅಲ್ಲ. ಚಿಕ್ಕ ಪ್ರಾಯದವರಿಗೆ, ಅರುವತ್ತೈದು ದಾಟಿದವರಿಗೆ ಅದು ಸರಿಯಾಗಿ ಹೊಂದುವುದೂ ಇಲ್ಲ. ಆದರೆ ಸಕ್ಕರೆ ಕಾಯಿಲೆ ಇರುವವರು, ಹೊಟ್ಟೆ ಬಂದವರು ಒಮ್ಮೆ ರಿಪೋರ್ಟು ತೆಗೆದು ನೋಡುವುದರಲ್ಲಿ ನಷ್ಟ ಏನಿದೆ? ಕೊಬ್ಬಿನ ಯಕೃತ್ತಿಗೆ 2023ರಲ್ಲಿ ಜಗತ್ತಿನ ವೈದ್ಯ ಸಂಘಗಳು ಸೇರಿ ಹೆಸರೇ ಬದಲಾಯಿಸಿದ್ದಾರೆ. ಹಳೆಯ ಹೆಸರಿನಲ್ಲಿ ಮದ್ಯದ ಮಾತು ಬರುತ್ತಿತ್ತು, ರೋಗಿಗಳಿಗೆ ಅದು ಅವಮಾನ ಅಂತ. ನನ್ನ ಅಣ್ಣನ ನೆನಪಾಯಿತು.

ಈ ವರ್ಷ ಏಳನೆಯ ತರಗತಿಯಲ್ಲಿ ಒಂದು ಚಾರ್ಟು ಹಾಕಿಸಿದೆ. ದೇಹದ ಅಂಗಗಳ ಹೆಸರು ಮೂರು ಸಾಲಿನಲ್ಲಿ, ಕನ್ನಡ, ತುಳು, ಮಲಯಾಳ. ಮಕ್ಕಳೇ ಮನೆಯಲ್ಲಿ ಕೇಳಿಕೊಂಡು ಬಂದು ತುಂಬಿಸಿದರು. ಬ್ಯಾರಿ ಮಾತಾಡುವ ಮಕ್ಕಳು, ಕೊಂಕಣಿ, ಮರಾಠಿ ಮಾತಾಡುವ ಮಕ್ಕಳು ತಮ್ಮದನ್ನೂ ಸೇರಿಸಬೇಕು ಅಂತ ಹಟ ಹಿಡಿದರು, ಸಾಲು ಆರಾಯಿತು. ಯಕೃತ್ತು ಎಂಬಲ್ಲಿ ಮಲಯಾಳದ ಸಾಲಿನಲ್ಲಿ ಕರಳ್ ಅಂತ ಕೆಂಪು ಶಾಯಿಯಲ್ಲಿ ಬರೆಸಿದ್ದೇನೆ. ಕನ್ನಡದಲ್ಲಿ ಓದಿದ್ದು ಕನ್ನಡಕ್ಕೆ ಮಾತ್ರ ಸಾಲದು, ಆಸ್ಪತ್ರೆಯ ಬಾಗಿಲಿಗೂ ಸಾಕಾಗಬೇಕು. ನಮ್ಮ ಮಕ್ಕಳು ಮನೆಯವರ ರಿಪೋರ್ಟನ್ನು ಮಡಚಿ ಇಡಬಾರದು.

ಮೊನ್ನೆ ಹುಡುಗಿ ಫೋನು ಮಾಡಿದ್ದಳು. ಚಾರ್ಟಿನ ವಿಷಯ ಹೇಳಿದೆ. ನಕ್ಕಳು. "ಸರ್, ಸಂಕೇತಿಸದ ಆರ್‌ಎನ್‌ಎ ಅಂದರೆ ಮಕ್ಕಳಿಗೆ ಕಷ್ಟ ಆಗುತ್ತದೆ. ಬೇರೆ ಏನಾದರೂ ಹೆಸರು ಹೇಳಿ" ಅಂದಳು. ಒಂದು ವಾರದಿಂದ ಯೋಚಿಸುತ್ತಿದ್ದೇನೆ. ಮಧ್ಯಾಹ್ನ ಊಟದ ಹೊತ್ತಿಗೆ ಆರನೆಯ ತರಗತಿಯ ಒಬ್ಬನನ್ನು ಕೇಳಿದೆ, ಅಡುಗೆ ಮಾಡುವುದಿಲ್ಲ, ಬಡಿಸುವುದಿಲ್ಲ, ಆದರೆ ಅಕ್ಕಿ ಎಷ್ಟು ಹಾಕಬೇಕು ಅಂತ ಹೇಳಿ ಹೋಗುವವರಿಗೆ ಎಂತ ಹೇಳುವುದು ಅಂತ.

ಅವ ಗಂಜಿಯ ಬಟ್ಟಲಿನಿಂದ ತಲೆ ಎತ್ತದೆ, "ಲೆಕ್ಕದ ಮಾಷ್ಟ್ರು" ಅಂದ.

ಅದಕ್ಕಿಂತ ಒಳ್ಳೆಯ ಹೆಸರು ನಿಮಗೆ ಹೊಳೆದರೆ ಹೇಳಿ. ಅಲ್ಲಿಯವರೆಗೆ ನಾನು ಅದನ್ನೇ ಇಟ್ಟುಕೊಳ್ಳುತ್ತೇನೆ.